ಇಳಿದುಹೋದ ರೈಟರು: ಒಂದು ಪ್ರಕರಣ ಅಧ್ಯಯನ

ಅವರು ನನ್ನ ಬಳಿ ಬಂದದ್ದು ತೂಕದ ಚಿಂತೆಯಿಂದಲ್ಲ, ಮೊಣಕೈ ಗಾಯಕ್ಕೆ. 2024ರ ಜನವರಿ, ರೊಬಸ್ಟಾ ಕುಯ್ಲು ಶುರುವಾಗಿದ್ದ ದಿನಗಳು. ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ, ಜೀಪು ಚರಂಡಿಗೆ ಇಳಿದಿತ್ತು. “ಕಾಡುಕೋಣ ಅಡ್ಡ ಬಂತು ಡಾಕ್ಟರೇ” ಎಂದರು. ನಮ್ಮ ಕಡೆ ಈ ಕಾರಣಕ್ಕೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ನಾನೂ ಹಾಕಲಿಲ್ಲ. ಗಾಯ ತೊಳೆದು ಕಟ್ಟಿ, ಟಿಟಿ ಚುಚ್ಚಿ ಕಳಿಸುವವನಿದ್ದೆ. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ, “ಕೋಣವೂ ಇಲ್ಲ, ಏನೂ ಇಲ್ಲ. ಇವರು ನಿದ್ದೆ ಹೋಗಿದ್ದರು” ಎಂದರು.

ಹೆಸರು ಬೇಡ. ಊರಿನವರು ಕರೆಯುವಂತೆ ನಾನೂ ರೈಟರು ಎಂದೇ ಬರೆಯುತ್ತೇನೆ. ಕಾಫಿ ತೋಟದಲ್ಲಿ ರೈಟರ್ ಎಂದರೆ ಹಾಜರಿ, ಕೂಲಿ, ಗೊಬ್ಬರ, ಕುಯ್ಲು, ಕಾಫಿ ಒಣಗಿಸುವ ಕಣ ಎಲ್ಲದರ ಲೆಕ್ಕ ಇಡುವವರು. ಸಾಹುಕಾರರಿಗೂ ಆಳುಗಳಿಗೂ ನಡುವೆ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳುವವರು. ಇವರಿಗೆ ಆಗ 47 ವರ್ಷ. ಇಪ್ಪತ್ತೈದು ವರ್ಷದಿಂದ ಅದೇ ತೋಟ.

ಕೂರಿಸಿಕೊಂಡು ಕೇಳಿದಾಗ ಆಕೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. “ಗೊರಕೆ ಎಂದರೆ ಮಾಡಿನ ಶೀಟು ಅದುರಬೇಕು. ಅದು ನನಗೆ ಅಭ್ಯಾಸವಾಗಿದೆ. ಗೊರಕೆ ನಿಂತಾಗಲೇ ಎಚ್ಚರವಾಗುವುದು. ಉಸಿರೇ ಇರುವುದಿಲ್ಲ. ಎಣಿಸುತ್ತಾ ಮಲಗಿರುತ್ತೇನೆ. ಇಪ್ಪತ್ತು, ಇಪ್ಪತ್ತೈದು. ಆಮೇಲೆ ಕೆರೆಯಲ್ಲಿ ಮುಳುಗಿ ಎದ್ದವರ ಹಾಗೆ ಒಮ್ಮೆಲೇ ಉಸಿರು ಎಳೆದುಕೊಳ್ಳುತ್ತಾರೆ.” ರೈಟರು ನೆಲ ನೋಡುತ್ತಿದ್ದರು. ಹಗಲು ಹಾಜರಿ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗುವುದು, ಬೆಳಿಗ್ಗೆ ಏಳುವಾಗ ತಲೆಭಾರ, ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದು ಎಲ್ಲವೂ ಒಂದೊಂದಾಗಿ ಹೊರಬಂತು.

ತೂಕದ ಯಂತ್ರ ಹತ್ತಿ ಎಂದೆ. ಸೊಂಟದಲ್ಲಿದ್ದ ಗೋದಾಮಿನ ಬೀಗದ ಕೈ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟರು. “ಇದೇ ಅರ್ಧ ಕೆಜಿ ಇದೆ” ಎಂದರು. ಮೊಬೈಲ್ ಇಟ್ಟರು, ಚಪ್ಪಲಿ ಬಿಟ್ಟರು. ಮುಳ್ಳು 94ಕ್ಕೆ ನಿಂತಿತು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಹಳೆಯ ಕಾರ್ಡು ತೆಗೆಸಿ ನೋಡಿದೆ. 2021ರಲ್ಲಿ ಒಮ್ಮೆ, 2022ರಲ್ಲಿ ಒಮ್ಮೆ ಬಂದಿದ್ದಾರೆ. ಎರಡೂ ಸಲ ಬಿಪಿ ಹೆಚ್ಚು, ಎರಡೂ ಸಲ ನನ್ನದೇ ಅಕ್ಷರದಲ್ಲಿ ಮಾತ್ರೆಯ ಹೆಸರು. ತೂಕದ ಕಲಂ ಎರಡೂ ಸಲ ಖಾಲಿ. ಎದುರಿಗೆ ಕುಳಿತವರು ದಪ್ಪಗಿದ್ದಾರೆಂದು ಕಣ್ಣಿಗೆ ಕಾಣುತ್ತಿತ್ತು, ಕೈ ಬರೆಯಲಿಲ್ಲ. ದಪ್ಪಗಿರುವುದು ಅವರವರ ಮನೆತನದ ವಿಷಯ ಎಂಬ ದಾಕ್ಷಿಣ್ಯ ವೈದ್ಯರಾದ ನಮಗೂ ಇರುತ್ತದೆ.

ಅಂಕಿಗಳು

ಎತ್ತರ 168 ಸೆಂ.ಮೀ., ತೂಕ 94 ಕೆಜಿ, ಎತ್ತರಕ್ಕೆ ತೂಕ ಎಷ್ಟೆಂದು ಹೇಳುವ ಬಿಎಂಐ 33.3. ಸೊಂಟದ ಸುತ್ತಳತೆ 109 ಸೆಂ.ಮೀ., ಕುತ್ತಿಗೆ 43. ಬಿಪಿ 148/94. ಬರಿ ಹೊಟ್ಟೆಯ ಸಕ್ಕರೆ 138, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 7.4. ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 268, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 34. ಯಕೃತ್ತಿಗೆ ಪೆಟ್ಟಾದರೆ ಏರುವ ಎಸ್‌ಜಿಪಿಟಿ 78. ಸ್ಕ್ಯಾನಿಂಗ್‌ನಲ್ಲಿ ಎರಡನೇ ದರ್ಜೆಯ ಕೊಬ್ಬು. ದಪ್ಪಕ್ಕೆ ಅದೇ ಕಾರಣವಿರಲಿ ಎಂದು ರೈಟರು ಥೈರಾಯ್ಡ್ ಮೇಲೆ ಆಸೆ ಇಟ್ಟುಕೊಂಡಿದ್ದರು. ಅದು ಸರಿಯಾಗಿತ್ತು. ನಿದ್ದೆಯ ಪರೀಕ್ಷೆಯಲ್ಲಿ ಗಂಟೆಗೆ ಸರಾಸರಿ 34 ಸಲ ಉಸಿರು ನಿಂತಿತ್ತು ಅಥವಾ ಕುಗ್ಗಿತ್ತು. 30 ದಾಟಿದರೆ ತೀವ್ರ ಎನ್ನುತ್ತೇವೆ.

ಅಂದರೆ ಮೊಣಕೈ ಗಾಯಕ್ಕೆಂದು ಬಂದವರಿಗೆ ಸಕ್ಕರೆ ಕಾಯಿಲೆ, ಬಿಪಿ, ಯಕೃತ್ತಿನಲ್ಲಿ ಕೊಬ್ಬು, ನಿದ್ದೆಯಲ್ಲಿ ಉಸಿರು ಕಟ್ಟುವಿಕೆ. ಮೊಣಕಾಲು ನೋವು ಬೇರೆ. ಅದನ್ನು ಅವರು ಕಾಯಿಲೆಯ ಲೆಕ್ಕಕ್ಕೇ ಸೇರಿಸಿರಲಿಲ್ಲ.

ಇವೆಲ್ಲ ಬೇರೆ ಬೇರೆ ಕಾಯಿಲೆಗಳಂತೆ ಕಂಡರೂ ಬೇರು ಒಂದೇ ಕಡೆ ಇದೆ. ಚರ್ಮದಡಿಯ ಕೊಬ್ಬಿಗಿಂತ ಹೊಟ್ಟೆಯೊಳಗೆ, ಕರುಳಿನ ಸುತ್ತ ಕೂರುವ ಕೊಬ್ಬು ಕೆಟ್ಟದ್ದು. ಅದು ಬಿಡುವ ಕೊಬ್ಬಿನಾಮ್ಲ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಕೊಬ್ಬು ತುಂಬಿಕೊಂಡು ಇನ್ಸುಲಿನ್ ಮಾತು ಕೇಳುವುದನ್ನು ಬಿಡುತ್ತದೆ, ರಾತ್ರಿಯಿಡೀ ರಕ್ತಕ್ಕೆ ಸಕ್ಕರೆ ಸುರಿಯುತ್ತದೆ. ನಾಲಿಗೆಯ ಬುಡದಲ್ಲಿ, ಗಂಟಲಿನ ಸುತ್ತ ಕೂತ ಕೊಬ್ಬು ಮಲಗಿದಾಗ ಉಸಿರಿನ ದಾರಿಯ ಮೇಲೆ ಕುಸಿಯುತ್ತದೆ. ಉಸಿರು ನಿಂತಾಗಲೆಲ್ಲ ದೇಹ ಗಾಬರಿಯ ಹಾರ್ಮೋನು ಬಿಡುತ್ತದೆ. ರಾತ್ರಿ ಇಳಿಯಬೇಕಾದ ಬಿಪಿ ಇಳಿಯುವುದಿಲ್ಲ. ನಾನು 2021ರಲ್ಲಿ ಬರೆದ ಮಾತ್ರೆ ಯಾಕೆ ಸರಿಯಾಗಿ ಹಿಡಿಯಲಿಲ್ಲ ಎಂಬುದು ನನಗೆ ಅರ್ಥವಾದದ್ದು ಆಗ.

“ನಾನೇನು ಅಷ್ಟು ದಪ್ಪ ಡಾಕ್ಟರೇ? ನಮ್ಮ ಸಾಹುಕಾರರನ್ನು ನೋಡಿ” ಎಂಬ ರೈಟರ ವಾದಕ್ಕೆ ನಾನು ಹೇಳುವುದು ಇಬ್ಬರು ವೈದ್ಯರ ಕತೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋ ಹಾಕಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ. 21.2. ನಾವು ತೆಳ್ಳಗೆ ಕಂಡರೂ ಒಳಗೆ ಕೊಬ್ಬಿನವರು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 25 (ಹೆಚ್ಚು ತೂಕ), 30 (ಬೊಜ್ಜು) ಎಂಬ ಬಿಎಂಐ ಗೆರೆಗಳನ್ನು ನಮ್ಮವರಿಗೆ 23, 25ಕ್ಕೆ ಇಳಿಸಿ ನೋಡುತ್ತೇವೆ. ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು ಎನ್ನುತ್ತೇವೆ.

ರೈಟರು ಮೊಬೈಲ್ ತೆಗೆದು ಲೆಕ್ಕ ಹಾಕಿದರು. ಬಿಎಂಐ 23ಕ್ಕೆ ಬರಬೇಕಾದರೆ 65 ಕೆಜಿ ಆಗಬೇಕು. 29 ಕೆಜಿ ಇಳಿಸಬೇಕು. ಮುಖ ಸಣ್ಣದಾಯಿತು. “ಆಗದ ಮಾತು.”

ಆಗದ ಮಾತೇ ಹೌದು, ಬಹಳ ಜನ ಕೈಚೆಲ್ಲುವುದು ಇಲ್ಲಿಯೇ. ನಾನು ಕೇಳಿದ್ದು ಏಳು ಕೆಜಿ. ಮೊದಲ ಶೇ. 7ರಲ್ಲೇ ಲಾಭದ ದೊಡ್ಡ ಪಾಲು ಸಿಗುತ್ತದೆ ಎಂಬುದು ನಾನು ಊಹಿಸಿ ಹೇಳಿದ್ದಲ್ಲ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದ ಗುರಿ ಅಷ್ಟೇ ಇತ್ತು: ಶೇ. 7 ತೂಕ ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆ. ಕಾಯಿಲೆಗೆ ಜಾರುವ ಅಪಾಯ ಶೇ. 58 ಕಡಿಮೆಯಾಯಿತು; ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆಯಿಂದ ಆದದ್ದು ಶೇ. 31. ಬಿಪಿಯ ಮೇಲಿನ ಅಂಕಿ ಒಂದು ಕೆಜಿಗೆ ಸುಮಾರು ಒಂದರಂತೆ ಇಳಿಯುತ್ತದೆ. ಯಕೃತ್ತಿನ ಕೊಬ್ಬು ಶೇ. 5 ಇಳಿದಾಗಲೇ ಕರಗತೊಡಗುತ್ತದೆ. ರೈಟರು ಹೊಸ್ತಿಲು ದಾಟಿಯಾಗಿತ್ತು, ಆದ್ದರಿಂದ ಮಾತ್ರೆಯೂ ಬೇಕಾಯಿತು: ಮೆಟ್‌ಫಾರ್ಮಿನ್ 500 ಮಿ.ಗ್ರಾಂ ದಿನಕ್ಕೆ ಎರಡು, ಬಿಪಿಗೆ ಎರಡು ಬಗೆಯವು, ಕೊಲೆಸ್ಟ್ರಾಲ್ ಇಳಿಸುವ ಒಂದು ಸ್ಟ್ಯಾಟಿನ್.

ಕಾಫಿಯ ಲೆಕ್ಕ

ಏನು ತಿನ್ನುತ್ತೀರಿ ಎಂದು ಕೇಳಿದರೆ ಎಲ್ಲರೂ “ಹೆಚ್ಚೇನೂ ಇಲ್ಲ ಡಾಕ್ಟರೇ” ಎನ್ನುತ್ತಾರೆ. ಅದು ಸುಳ್ಳಲ್ಲ, ತಟ್ಟೆಯಲ್ಲಿ ಇರುವುದು ಹೆಚ್ಚೇನೂ ಇರುವುದಿಲ್ಲ. ಹಾಗಾಗಿ ರೈಟರಿಗೆ ಊಟ ಬಿಟ್ಟು ಕಾಫಿ ಎಣಿಸಲು ಹೇಳಿದೆ. ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ವಾರ ಗೆರೆ ಎಳೆದು ತಂದರು. ಏಳಕ್ಕೆ ಮನೆಯಲ್ಲಿ ಒಂದು, ಹಾಜರಿ ಆದ ಮೇಲೆ ಒಂದು, ಸಾಹುಕಾರರ ಬಂಗಲೆಯಲ್ಲಿ ಒಂದು, ಊಟವಾಗಿ ಒಂದು, ಕಣದಲ್ಲಿ ಒಂದು, ಪೇಟೆಗೆ ಹೋದರೆ ಎರಡು, ಸಂಜೆ ಯಾರದಾದರೂ ಮನೆಯಲ್ಲಿ ಒಂದು, ರಾತ್ರಿ ಒಂದು. ಒಂಬತ್ತು.

“ಸಕ್ಕರೆ?”

“ಎರಡು ಚಮಚ. ನಮ್ಮ ಕಡೆ ಕೇಳಿ ಹಾಕುವ ಪದ್ಧತಿ ಇಲ್ಲವಲ್ಲ.”

ಮುಂದಿನದನ್ನು ಅವರೇ ಗುಣಿಸಿದರು. ಹದಿನೆಂಟು ಚಮಚ, ಚಮಚಕ್ಕೆ 5 ಗ್ರಾಂ, ದಿನಕ್ಕೆ 90 ಗ್ರಾಂ. ತಿಂಗಳಿಗೆ 2 ಕೆಜಿ 700. ಪೆನ್ನು ಅಲ್ಲೇ ನಿಂತಿತು. ತೋಟದ ಲೆಕ್ಕದಲ್ಲಿ ಒಂದು ಕೆಜಿ ಗೊಬ್ಬರ ಹೆಚ್ಚುಕಡಿಮೆಯಾದರೆ ರಾತ್ರಿ ನಿದ್ದೆ ಬಾರದ ಮನುಷ್ಯ. 90 ಗ್ರಾಂ ಎಂದರೆ 360 ಕ್ಯಾಲೊರಿ, ಹಾಲಿನದು ಬೇರೆ. ಬೆಲ್ಲದ ಕಾಫಿ ಕುಡಿಯಬಹುದಲ್ಲ ಎಂದು ಹೆಂಡತಿ ಕೇಳಿದರು. ಬೆಲ್ಲ ಮಲೆನಾಡಿನ ರುಚಿ, ನಿಜ. ಆದರೆ ಕ್ಯಾಲೊರಿಯ ವಿಷಯದಲ್ಲಿ ಅದು ಸಕ್ಕರೆಯ ಅಣ್ಣನೋ ತಮ್ಮನೋ ಅಷ್ಟೇ.

ಕಾಫಿ ಬಿಡಿ ಎಂದು ಈ ಜಿಲ್ಲೆಯಲ್ಲಿ ಹೇಳುವ ವೈದ್ಯನಿಗೆ ಎರಡನೇ ಸಲ ರೋಗಿ ಬರುವುದಿಲ್ಲ. ನಾನೂ ಹೇಳಲಿಲ್ಲ. ಕಷ್ಟವಿದ್ದದ್ದು ಬೇರೆಯವರ ಮನೆಯಲ್ಲಿ. “ಇಷ್ಟು ವರ್ಷದಲ್ಲಿ ಯಾರ ಮನೆಯಲ್ಲೂ ಕಾಫಿ ಬೇಡ ಎಂದವನಲ್ಲ” ಎಂದು ಅವರು ಹೇಳಿದ್ದು ಹೆಮ್ಮೆಯಿಂದಲೇ. ಇದಕ್ಕೆ ದಾರಿ ತೋರಿಸಿದ್ದು ಕಾಯಿಲೆಯೇ. “ಶುಗರ್ ಬಂದಿದೆ” ಎಂದು ಒಮ್ಮೆ ಹೇಳಿದರೆ ಸಾಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಒಳಗೆ ಹೋಗಿ ಸಪ್ಪೆ ಕಾಫಿ ತರುತ್ತಾರೆ, ಜೊತೆಗೆ ತಮ್ಮ ಶುಗರಿನ ಅಂಕಿಯನ್ನೂ ಹೇಳುತ್ತಾರೆ. ನಮ್ಮಲ್ಲಿ ಕಾಯಿಲೆಗಾಗಿ ಬೇಡ ಎನ್ನಬಹುದು. ಆರೋಗ್ಯಕ್ಕಾಗಿ ಬೇಡ ಎಂದರೆ ಅದು ಅಹಂಕಾರ. ಮೂರು ವಾರದಲ್ಲಿ ಒಂಬತ್ತು ಲೋಟ ಐದಕ್ಕೆ ಇಳಿಯಿತು, ಬೆಳಗಿನದು ಬಿಟ್ಟು ಎಲ್ಲವೂ ಸಪ್ಪೆ. ಆ ಒಂದರಲ್ಲಿ ಒಂದು ಚಮಚಕ್ಕೆ ನಾನು ಕಣ್ಣು ಮುಚ್ಚಿದೆ.

ಎಣ್ಣೆಯ ಲೆಕ್ಕ ಅವರ ಹೆಂಡತಿಯದು. ನಾಲ್ಕು ಜನಕ್ಕೆ ತಿಂಗಳಿಗೆ ಐದು ಲೀಟರ್ ಕ್ಯಾನ್. ತಲೆಗೆ ದಿನಕ್ಕೆ ಸುಮಾರು 42 ಮಿ.ಲೀ. ಆಯಿತು. ಅದನ್ನು ಮೂರು ಲೀಟರಿಗೆ ಇಳಿಸಿದರೆ ಒಬ್ಬೊಬ್ಬರಿಗೂ ದಿನಕ್ಕೆ 135 ಕ್ಯಾಲೊರಿಯಷ್ಟು ಉಳಿಯುತ್ತದೆ. ಆಕೆ ಕ್ಯಾನ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದರು. ಅಕ್ಕಿ ರೊಟ್ಟಿಗೆ ಎಣ್ಣೆ ಸುರಿಯುವ ಬದಲು ಬಾಳೆ ಎಲೆಯ ತುಂಡಿನಿಂದ ಸವರಿದರು. ಹುರುಳಿಕಾಳಿನ ಬಸ್ಸಾರು, ಸೊಪ್ಪು, ಮೊಟ್ಟೆ, ಘಟ್ಟದ ಕೆಳಗಿನಿಂದ ಬರುವ ಬಂಗುಡೆ ಮೊದಲು ತಟ್ಟೆಗೆ. ಅನ್ನ ಆಮೇಲೆ, ಒಂದೇ ಸಲ.

ಅನ್ನ ಬಿಟ್ಟು ಮುದ್ದೆ ತಿಂದರೆ ತೆಳ್ಳಗಾಗುತ್ತೇನೆಂದು ನಂಬಿ ಬರುವವರು ವಾರಕ್ಕೆ ನಾಲ್ವರಾದರೂ ಇದ್ದಾರೆ. ರಾಗಿ ಒಳ್ಳೆಯದು: ನಾರಿದೆ, ಸುಣ್ಣದ ಅಂಶ ಹೇರಳ. ಆದರೆ ತೂಕಕ್ಕೆ ತೂಕ ಇಟ್ಟರೆ ರಾಗಿ ಹಿಟ್ಟಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿ “ನಾನು ಅನ್ನ ಮುಟ್ಟಿಲ್ಲ” ಎನ್ನುವವರೊಂದಿಗೆ ವಾದಿಸಿ ನಾನು ಸೋತಿದ್ದೇನೆ.

ಆನೆ, ಕಣ, ಕರೆಂಟು

ಬೆಳಿಗ್ಗೆ ಐದೂವರೆಗೆ ಎದ್ದು ನಡೆಯಿರಿ ಎಂದೆ. ರೈಟರು ನನ್ನನ್ನು ಒಂದು ಕ್ಷಣ ನೋಡಿ, “ಆನೆ ಇದೆ ಡಾಕ್ಟರೇ” ಎಂದರು. ಪೇಟೆಯಲ್ಲಿ ಕುಳಿತು ಸಲಹೆ ಕೊಡುವವನ ಅಜ್ಞಾನ ಇದು. ಆ ಭಾಗದಲ್ಲಿ ಬೆಳಗಾಗೆದ್ದು ಮೊದಲು ನೋಡುವುದು ಆನೆ ಯಾವ ತೋಟದಲ್ಲಿದೆ ಎಂಬ ವಾಟ್ಸಾಪ್ ಸಂದೇಶವನ್ನು. ಕತ್ತಲಲ್ಲಿ ಒಬ್ಬರೇ ರಸ್ತೆಗೆ ಇಳಿಯುವುದು ತೂಕಕ್ಕಿಂತ ಬೇಗ ಕೊಲ್ಲುವ ಅಪಾಯ.

ಹಿಂದೆ ಇವರು ದಿನಕ್ಕೆ ಎಂಟು ಹತ್ತು ಕಿ.ಮೀ. ತೋಟ ಸುತ್ತುತ್ತಿದ್ದರು. ಬೈಕ್ ಬಂತು, ಮೊಬೈಲ್ ಬಂತು. ಮೇಸ್ತ್ರಿ ಕಳಿಸುವ ಫೋಟೋ ನೋಡಿಯೇ ಕೆಲಸದ ಲೆಕ್ಕ ಮುಗಿಯತೊಡಗಿತು. ಆ ಹತ್ತು ವರ್ಷದಲ್ಲಿ 20 ಕೆಜಿ ಏರಿತೆಂದು ಹಳೆಯ ಅಂಗಿಗಳ ಆಧಾರದ ಮೇಲೆ ಹೆಂಡತಿ ಅಂದಾಜಿಸಿದರು.

ಕುಯ್ಲು ಮುಗಿಯುವವರೆಗೆ ಅವರು ಕಣದಲ್ಲಿ ಆಳುಗಳ ಜೊತೆ ತಾವೂ ಕಾಫಿ ತಿರುವಿದರು. ಒಣಹಣ್ಣು ಗೋದಾಮು ಸೇರಿ ಕಣ ಖಾಲಿಯಾದ ಮೇಲೆ ಬಿಸಿಲು ಮೂಡಿದ ನಂತರ ಅದನ್ನೇ ಸುತ್ತತೊಡಗಿದರು. ಒಂದು ಸುತ್ತು 140 ಮೀಟರ್, ಹೆಜ್ಜೆ ಹಾಕಿ ಅಳೆದದ್ದು. ಲೆಕ್ಕ ತಪ್ಪದಿರಲು ಎಡ ಜೇಬಿನಲ್ಲಿ ಇಪ್ಪತ್ತೈದು ಒಣ ಕಾಫಿ ಹಣ್ಣು. ಒಂದು ಸುತ್ತಿಗೆ ಒಂದು ಹಣ್ಣು ಬಲ ಜೇಬಿಗೆ. ಎಡ ಜೇಬು ಬರಿದಾದರೆ ಮೂರೂವರೆ ಕಿ.ಮೀ. ಮೊದಲ ವಾರ ಹನ್ನೊಂದಕ್ಕೇ ಮೊಣಕಾಲು ಹಿಡಿದುಕೊಂಡಿತು.

ನಿದ್ದೆಗೆ ಸಿಪ್ಯಾಪ್ ಯಂತ್ರ ಬರೆದಿದ್ದೆ. ಮೂಗಿಗೆ ಮುಸುಕು ಕಟ್ಟಿ, ಗಾಳಿಯ ಒತ್ತಡದಿಂದ ಗಂಟಲಿನ ದಾರಿಯನ್ನು ತೆರೆದಿಡುವ ಯಂತ್ರ. ಮೊದಲ ರಾತ್ರಿ ಹೆಂಡತಿ ನಿದ್ದೆ ಮಾಡಲಿಲ್ಲ, ಗೊರಕೆ ಕೇಳಿಸದ್ದಕ್ಕೆ. ಹತ್ತು ದಿನದಲ್ಲಿ ರೈಟರ ಹಗಲು ನಿದ್ದೆ ಹೋಯಿತು. ಆದರೆ ಮಲೆನಾಡಿನಲ್ಲಿ ಮಳೆ ಹಿಡಿದರೆ ಕರೆಂಟು ಹೋದದ್ದು ಮೂರು ದಿನ ಬಾರದೆ ಇರಬಹುದು, ಕರೆಂಟಿಲ್ಲದೆ ಯಂತ್ರವಿಲ್ಲ. ಇನ್ವರ್ಟರ್‌ಗೆ ದೊಡ್ಡ ಬ್ಯಾಟರಿ ಹಾಕಿಸಿದರು. ಈ ಖರ್ಚು ಯಾವ ವೈದ್ಯಕೀಯ ಪುಸ್ತಕದಲ್ಲೂ ಇಲ್ಲ.

2024ರ ಜೂನ್ ಆರಂಭದಲ್ಲಿ ತೂಕ 87.2. ಶೇ. 7 ಮುಟ್ಟಿತ್ತು. ಬಿಪಿ 134/86, ಎಚ್‌ಬಿಎ1ಸಿ 6.7. ನಾನು ಕಾರ್ಡಿನಲ್ಲಿ ಬರೆಯುವಾಗ ಖುಷಿಯಿಂದ ಅಕ್ಷರ ಸ್ವಲ್ಪ ದೊಡ್ಡದಾಯಿತು.

“ಏನು ಕಾಯಿಲೆ?”

ಆಮೇಲೆ ಮಳೆ. ಕಣ ಪಾಚಿಗಟ್ಟಿತು, ತೋಟದಲ್ಲಿ ಇಂಬಳ. ಸಂಜೆ ಒಲೆಯ ಮುಂದೆ ಬೋಂಡಾ. ಆ ವರ್ಷದ ಮಳೆಯೂ ಸಾಮಾನ್ಯದ್ದಲ್ಲ. ಸೆಪ್ಟೆಂಬರಿನಲ್ಲಿ ಬಂದಾಗ 89.6.

ಮಳೆಯೊಂದೇ ಕಾರಣವೆಂದು ನಾನು ತಿಳಿದಿದ್ದೆ. ಅಲ್ಲ. ನೆಂಟರ ಮದುವೆಯೊಂದರಲ್ಲಿ ಇಡೀ ದಿನ ಅವರಿಗೆ ಎದುರಾದದ್ದು ಒಂದೇ ಮಾತು: “ಏನು ರೈಟರೇ, ಇಳಿದುಹೋಗಿದ್ದೀರಲ್ಲ?” ಒಬ್ಬರು ಸೊರಗಿದ್ದೀರಿ ಎಂದರು. ಒಬ್ಬರು ಮುಖದಲ್ಲಿ ಕಳೆಯೇ ಇಲ್ಲ ಎಂದರು. ವಯಸ್ಸಾದ ದೊಡ್ಡಮ್ಮ ಕೈ ಹಿಡಿದು, ಮಂಗಳೂರಿಗೆ ಹೋಗಿ ಪೂರ್ತಿ ತೋರಿಸಿಕೊಂಡು ಬಾ ಮಗನೇ ಎಂದು ಕಣ್ಣೀರು ಹಾಕಿದರು. ಮೈಕೈ ತುಂಬಿಕೊಂಡಿದ್ದಾರೆ ಎಂಬುದು ನಮ್ಮ ಭಾಷೆಯಲ್ಲಿ ಹೊಗಳಿಕೆ. ಇಳಿದುಹೋದವನ ಮನೆಯಲ್ಲಿ ಸಾಲವೋ ರೋಗವೋ ಇರಬೇಕು. ಹಸಿವು ಕಂಡ ತಲೆಮಾರುಗಳ ಲೆಕ್ಕಾಚಾರ ಅದು, ತಪ್ಪೆಂದು ಹೇಗೆ ಹೇಳಲಿ? ರೈಟರು ಅಂದು ಎರಡು ಪಂಕ್ತಿಯಲ್ಲಿ ಕುಳಿತು ಊಟ ಮಾಡಿದರು, ಕಾಯಿಲೆ ಇಲ್ಲವೆಂದು ತೋರಿಸಲು.

ನಾನು ಮಾಡಿದ್ದು ಇಷ್ಟೇ. ತೂಕ ಬಿಟ್ಟು ಬೇರೆ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ಕೇಳಿದವರಿಗೆ ತೋರಿಸಿ ಎಂದು. ಮೊಣಕಾಲಿನ ಲೆಕ್ಕವನ್ನೂ ಸೇರಿಸಿದೆ: ಮಂಡಿ ಸವೆದವರಲ್ಲಿ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕೆಜಿಯಷ್ಟು ಕಡಿಮೆಯಾಗುತ್ತದೆ ಎಂದು 2005ರಲ್ಲಿ ಅಮೆರಿಕದ ಸಂಶೋಧಕರು ಅಳೆದು ಹೇಳಿದ್ದಾರೆ. “ಹತ್ತು ಕೆಜಿಗೆ ನಲವತ್ತು. ಹೆಚ್ಚುಕಡಿಮೆ ಒಂದು ಮೂಟೆ ಕಾಫಿ” ಎಂದರು ರೈಟರು. ಇಲ್ಲಿ ಕಾಫಿ ಮಾರುವುದು 50 ಕೆಜಿ ಮೂಟೆಯ ಲೆಕ್ಕದಲ್ಲಿ.

ಮುಂದಿನ ಕುಯ್ಲು ಸಹಾಯ ಮಾಡಿತು. 2025ರ ಮಾರ್ಚ್‌ನಲ್ಲಿ 83.5 ಕೆಜಿ, ಅಂದರೆ ಶೇ. 11ರಷ್ಟು ಇಳಿಕೆ. ಸೊಂಟ 99, ಕುತ್ತಿಗೆ 40.5. ಎಚ್‌ಬಿಎ1ಸಿ 6.3, ಮೆಟ್‌ಫಾರ್ಮಿನ್ ದಿನಕ್ಕೆ ಒಂದಕ್ಕೆ ಇಳಿದಿತ್ತು. ಬಿಪಿ 128/82, ಎರಡರ ಬದಲು ಒಂದೇ ಮಾತ್ರೆಯ ಮೇಲೆ. ಟ್ರೈಗ್ಲಿಸರೈಡ್ 164, ಎಸ್‌ಜಿಪಿಟಿ 38. ಯಂತ್ರವಿಲ್ಲದೆ ಮಾಡಿಸಿದ ನಿದ್ದೆಯ ಪರೀಕ್ಷೆಯಲ್ಲಿ ಗಂಟೆಗೆ 34 ಇದ್ದದ್ದು 23. ಯಂತ್ರದ ಉಪಕಾರವನ್ನೂ ತೂಕದ ಉಪಕಾರವನ್ನೂ ಬೇರ್ಪಡಿಸುವುದು ಕಷ್ಟ, ಆದರೆ ಈ ಹನ್ನೊಂದು ಮಾತ್ರ ತೂಕದ್ದೇ ಎಂದು ನನ್ನ ಎಣಿಕೆ.

ಸಕ್ಕರೆ ಕಾಯಿಲೆ ಹೋಯಿತೇ? ಇಲ್ಲ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ 15 ಕೆಜಿ ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ. 86 ಜನರಿಗೆ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆ ಸಕ್ಕರೆ ಹದಕ್ಕೆ ಬಂದಿತ್ತು. ಹತ್ತರಿಂದ ಹದಿನೈದು ಇಳಿಸಿದವರಲ್ಲಿ ಶೇ. 57. ರೈಟರು ಆ ಉಳಿದ ಪಾಲಿನವರು. ಕನ್ನಡಿಯಲ್ಲೂ ದೊಡ್ಡ ಬದಲಾವಣೆ ಕಾಣದು, ಬಿಎಂಐ 29.6, ನಮ್ಮ ಗೆರೆಯ ಪ್ರಕಾರ ಇನ್ನೂ ಬೊಜ್ಜೇ.

ಆ ಮಾರ್ಚ್‌ನಲ್ಲೇ ಹಸಿವು ತಗ್ಗಿಸಿ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದು ಭಾರತದ ಮಾರುಕಟ್ಟೆಗೆ ಬಂತು. ರೈಟರು ಸುದ್ದಿ ಓದಿಯೇ ಬಂದಿದ್ದರು. ಅದು ಕೆಲಸ ಮಾಡುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ಒಂದೂವರೆ ವರ್ಷಕ್ಕೆ ಸರಾಸರಿ ಶೇ. 20ರಷ್ಟು ತೂಕ ಇಳಿಸಿದ ದಾಖಲೆಯಿದೆ, ನಿದ್ದೆಯ ಉಸಿರುಕಟ್ಟಿಗೂ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿದೆ. ಇದೇ ಜಾತಿಯ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂದಿತ್ತು ಎಂಬುದನ್ನೂ ಹೇಳಿದೆ. ತಿಂಗಳ ಖರ್ಚು ಕೇಳಿ, “ಇನ್ನೊಂದು ಕುಯ್ಲು ನೋಡೋಣ” ಎಂದರು. ನಾನೂ ಒತ್ತಾಯಿಸಲಿಲ್ಲ. ಯಂತ್ರ ಮುಂದುವರಿದಿದೆ, ಸ್ಟ್ಯಾಟಿನ್ ಇದೆ, ಕಣ್ಣಿನ ಪರೀಕ್ಷೆ ಬಾಕಿ ಇದೆ.

ಕೊನೆಯ ಸಲ ಬಂದದ್ದು 2025ರ ಆಗಸ್ಟ್‌ನಲ್ಲಿ, ಜಡಿಮಳೆಯ ದಿನ. 84.1 ಕೆಜಿ. ಎರಡನೇ ಮಳೆಗಾಲ 600 ಗ್ರಾಂ ಮಾತ್ರ ಕೂಡಿಸಿತ್ತು. ಗೋದಾಮಿನ ಜಗಲಿಯಲ್ಲಿ ನಡೆದರಂತೆ, ಆರು ಕಂಬ ದಾಟಿದರೆ ಒಂದು ಹಣ್ಣು. ಜೊತೆಗೆ ಮಂಗಳೂರಿನಲ್ಲಿ ಓದುವ ಹತ್ತೊಂಬತ್ತರ ಮಗ ಇದ್ದ, ಬೆಳಿಗ್ಗೆಯಷ್ಟೇ ಬೈಕಿನಲ್ಲಿ ಚಾರ್ಮಾಡಿ ಹತ್ತಿ ಬಂದವನು. ಅವನ ಹೊಟ್ಟೆಯ ಮೇಲೆ ನನ್ನ ಕಣ್ಣು ಹೋಗುವ ಮೊದಲೇ ರೈಟರು ತೂಕದ ಯಂತ್ರ ತೋರಿಸಿದರು. ಹುಡುಗ ಚಪ್ಪಲಿ ಬಿಟ್ಟ, ಮೊಬೈಲ್ ಅಪ್ಪನ ಕೈಗೆ ಕೊಟ್ಟ, ಹತ್ತಿದ.

“ಎಂಬತ್ತೆಂಟು” ಎಂದೆ.

“ಬಟ್ಟೆ ಒದ್ದೆಯಾಗಿದೆಯಲ್ಲ” ಎಂದ ಹುಡುಗ.

ರೈಟರು ಸೊಂಟದ ಬೀಗದ ಕೈ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಏನೂ ಹೇಳದೆ ನಕ್ಕರು. ನಾನು ಹೊಸ ಕಾರ್ಡ್ ತೆಗೆದೆ.